ಬ್ರೇಕ್ ದೀಪದ ಮೇಲಿನ ಕುಂಕುಮ

ಪರೀಕ್ಷಕಿ ಕಾರಿನ ಹಿಂದೆ ನಿಂತು, ಬ್ರೇಕ್ ಒತ್ತುವಂತೆ ಹೇಳಿದರು. ದೀಪಗಳು ಹೊತ್ತಿದವೋ ಇಲ್ಲವೋ ತಿಳಿಯಲಿಲ್ಲ. ಎರಡರ ಮೇಲೂ ಅಂಗೈಯಗಲ ಗಂಧ, ಅದರ ನಡುವೆ ಕುಂಕುಮ. ಇಟ್ಟವನು ನಾನೇ.

ಅಮೆರಿಕದ ಬೆಲ್ವ್ಯೂನಲ್ಲಿ ಮಗಳು ವಾಣಿಯ ಮನೆಯಲ್ಲಿರುವ ನನಗೆ ಮೊಮ್ಮಗಳು ಮೇಧಾಳ ಡ್ರೈವಿಂಗ್ ಟೆಸ್ಟ್ ಸಣ್ಣ ಸಂಗತಿಯಲ್ಲ. ಮೊದಲ ಸಲ ನಪಾಸಾದಾಗ ಊಟ ಬಿಟ್ಟವಳು ಅವಳು. ಈ ಸಲವೂ ತಪ್ಪಿದರೆ ಇನ್ನೆಂದೂ ಸ್ಟೀರಿಂಗ್ ಮುಟ್ಟುವುದಿಲ್ಲವೆಂದು ಹಟ. ಹಾಗಾಗಿಯೇ ಬೆಳಿಗ್ಗೆ ಕಾರಿಗೆ ಯಥಾವಿಧಿ ಪೂಜೆ ಸಲ್ಲಿಸಿದ್ದೆ.

ಅವಳ ಆರಾಧ್ಯದೈವ ಬೇರೆ. ಒಬ್ಬ ಡಚ್ ರೇಸ್ ಚಾಲಕ. (ಹೆಸರು ನನ್ನ ನಾಲಿಗೆಗೆ ಇನ್ನೂ ಒಲಿದಿಲ್ಲ, ದಿನವೂ ಸಹಸ್ರನಾಮ ಹೇಳುವ ನಾಲಿಗೆ!) ಯುರೋಪಿನಲ್ಲಿ ಮಧ್ಯಾಹ್ನ ರೇಸ್ ನಡೆಯುವಾಗ ನಮಗಿಲ್ಲಿ ಭಾನುವಾರದ ಪ್ರಾತಃಕಾಲ. ಒಳಗೆ ನನ್ನ ಘಂಟಾನಾದ, ಹೊರಗೆ ಟಿವಿಯಲ್ಲಿ ಎಂಜಿನ್ನುಗಳ ಗರ್ಜನೆ. ಮಂಗಳಾರತಿ ಕೊಡಲು ಬಂದ ನಾನು ಅಲ್ಲೇ ಅವಳ ಪಕ್ಕ ಕುಳಿತುಬಿಡುವುದು ರೂಢಿಯಾಯಿತು. ಆ ಚಾಲಕ ಎಳವೆಯಲ್ಲೇ ಮಳೆಯಲ್ಲಿ ಕಾರ್ಟ್ ಎಂಬ ಆಟಿಕೆಯಂಥ ರೇಸ್ ಗಾಡಿ ಓಡಿಸಿ ಕಲಿತವನಂತೆ. ಸೋಲುಗಳನ್ನು ನುಂಗಿಕೊಂಡೇ ಚಾಂಪಿಯನ್ ಆದವನಂತೆ. ಅವನು ಗೆದ್ದಾಗ ನಾನು ಕೈಮುಗಿದದ್ದೂ ಉಂಟು. ವಿದ್ಯೆ ಯಾವುದಾದರೇನು, ತಪಸ್ಸು ತಪಸ್ಸೇ ಅಲ್ಲವೇ?

ಒಮ್ಮೆ ಅವನು ರೇಸ್ ನಡುವೆ ಟೈರ್ ಬದಲಿಸಲು ನಿಂತ; ಅದಕ್ಕೆ ಪಿಟ್ ಸ್ಟಾಪ್ ಎನ್ನುತ್ತಾರಂತೆ. ಹತ್ತಾರು ಜನ ಮುಗಿಬಿದ್ದು, ನಾನು ಕಣ್ಣು ಮಿಟುಕಿಸುವುದರೊಳಗೆ ಕಳುಹಿಸಿಕೊಟ್ಟರು.

"ಯಾರಮ್ಮ ಇವರೆಲ್ಲ?"

"ಪಿಟ್ ಕ್ರೂ, ತಾತ. ದೇ ವಿನ್ ಇಟ್ ಫಾರ್ ಹಿಮ್."

ಈಗ ಅದೇ ಹುಡುಗಿ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದ್ದಳು. "ತಾತ! ಸೀರಿಯಸ್ಲಿ?"

"ಅಪ್ಪ, ಪೂಜೆ ಮಾಡಿ ಅಂದೆ. ಲೈಟ್ ಮುಚ್ಚಿ ಅಂದೆನಾ?" ವಾಣಿ ಹಣೆ ಒತ್ತಿಕೊಂಡಳು.

ದೀಪ ಕಾಣದೆ ಟೆಸ್ಟ್ ಆರಂಭಿಸುವಂತಿಲ್ಲ ಎಂದ ಪರೀಕ್ಷಕಿ ಗಡಿಯಾರ ನೋಡಿದರು. ಇನ್ನೊಂದು ದಿನ ಬನ್ನಿ ಎಂಬ ಮಾತು ಅವರ ತುಟಿಯವರೆಗೆ ಬಂದಿತ್ತು.

ನಾನು ನಿಂತಲ್ಲೇ ನಿಂತೆ. ಸಂಕಲ್ಪ ಮಾಡಿ ಇಟ್ಟ ಕುಂಕುಮ. ಅದು ತಾನಾಗಿ ಉದುರಬೇಕೇ ಹೊರತು, ಒರೆಸುವುದು ನಮ್ಮಲ್ಲಿ ಅಪಚಾರ. ಈ ಮುದಿ ಕೈ ಅಂಥದನ್ನು ಎಂದೂ ಮಾಡಿದ್ದಿಲ್ಲ. ಕಾರಿನ ಪಕ್ಕದ ಕನ್ನಡಿಯಲ್ಲಿ ಮೇಧಾಳ ಮುಖ ಕಂಡಿತು. ಇನ್ನೇನು ಅಳುವವಳು.

ಆ ಪಿಟ್ ಕ್ರೂ ನೆನಪಾಯಿತು. ಅವರಲ್ಲೊಬ್ಬ ಹೀಗೆ ಶಾಸ್ತ್ರ ಯೋಚಿಸುತ್ತ ನಿಂತಿದ್ದರೆ ನಮ್ಮ ಡಚ್ ವೀರನ ಗತಿ ಏನಾಗುತ್ತಿತ್ತು?

ಹೊದ್ದಿದ್ದ ಶಾಲು ತೆಗೆದೆ. ಎಡದ್ದನ್ನು ಉಜ್ಜಿದೆ, ಬಲದ್ದನ್ನು ಉಜ್ಜಿದೆ. ಅವಳು ಬ್ರೇಕ್ ಒತ್ತಿದಳು. ಎರಡೂ ಕೆಂಪಗೆ ಬೆಳಗಿದವು.

"ಬೆಸ್ಟ್ ಪಿಟ್ ಸ್ಟಾಪ್ ಎವರ್, ತಾತ!"

ಪರೀಕ್ಷಕಿ ನಗುತ್ತಲೇ ಅವಳ ಪಕ್ಕದಲ್ಲಿ ಕುಳಿತರು. ಹಿಂತಿರುಗಿದಾಗ ಮೇಧಾ ಪಾಸಾಗಿದ್ದಳು.

ಸಂಜೆ ವಾಣಿ ಮೆಲ್ಲಗೆ ಕೇಳಿದಳು, "ಒರೆಸಿಬಿಟ್ರಲ್ಲ ಅಪ್ಪ, ಮನಸ್ಸಿಗೆ ಏನೂ ಅನ್ನಿಸ್ಲಿಲ್ವಾ?"

ಶಾಲಿನ ಕೆಂಪು ಇನ್ನೂ ಹೋಗಿಲ್ಲ. ಹೋಗದಿರಲಿ. ದೀಪಕ್ಕೆ ನಾವು ಕುಂಕುಮವಿಡುವುದು ಅದು ಬೆಳಗಲೆಂದೇ ಅಲ್ಲವೇ?