ಒಂದನೇ ಹಗ್ಗ

ಆರ್ಕ್ನಿ ದ್ವೀಪಸಮೂಹದ ಆ ಪುಟ್ಟ ದ್ವೀಪದಲ್ಲಿ ವಿಮಾನ ಇಳಿಯಬೇಕಾದರೆ ಬೆಂಕಿ ಆರಿಸುವ ಗಾಡಿಯಲ್ಲಿ ಇಬ್ಬರು ಕೂತಿರಲೇಬೇಕು. ಇಪ್ಪತ್ತಾರು ವರ್ಷಗಳಿಂದ ಆ ಇಬ್ಬರಲ್ಲಿ ಒಬ್ಬಳು ತೋರಾ ಡ್ರೆವರ್. ಕುರಿಗಳಿಗೆ ಮೇವು ಹಾಕಿ, ರನ್‌ವೇ ಮೇಲಿನ ಬಾತುಗಳನ್ನು ಓಡಿಸಿ ಗಾಡಿ ಹತ್ತಿದಳೆಂದರೆ, ಎಂಟು ಸೀಟಿನ ವಿಮಾನ ಇಳಿದು, ಜನರನ್ನು ಹತ್ತಿಸಿಕೊಂಡು, ಮತ್ತೆ ಏರಿ ಕಣ್ಮರೆಯಾಗುವ ತನಕ ನೀರಿನ ಪೈಪಿನ ಮೇಲಿಟ್ಟ ಕೈ ತೆಗೆಯುತ್ತಿರಲಿಲ್ಲ. ಆದರೆ ಅದರೊಳಗೆ ಒಮ್ಮೆಯೂ ಕಾಲಿಟ್ಟವಳಲ್ಲ. ಯಾರಾದರೂ ಕೆಣಕಿದರೆ, "ನಾನೇ ಹತ್ತಿ ಕೂತ್ರೆ ಬೆಂಕಿ ಆರ್ಸೋರ್ ಯಾರು?" ಅನ್ನುವಳು. ಕುಣಿಯಲಾರದವಳಿಗೆ ನೆಲ ಡೊಂಕು. ಅವಳಿಗಿದ್ದದ್ದು ಭಯ. ಕಿರ್ಕ್‌ವಾಲ್ ಪೇಟೆಗೆ ವಿಮಾನದಲ್ಲಿ ಕಾಲು ಗಂಟೆ. ಅವಳು ಎರಡು ಗಂಟೆ ಹಡಗಿನಲ್ಲಿ ವಾಂತಿ ಮಾಡಿಕೊಂಡಾದರೂ ನೀರಿನ ಮೇಲೆಯೇ ಹೋಗುವಳು.

ಪೇಟೆಯಲ್ಲಿದ್ದ ಅಣ್ಣ ಸ್ಯಾಂಡಿ ಪ್ರತಿ ತಿಂಗಳೂ ಅದೇ ವಿಮಾನದಲ್ಲಿ ಬಂದು ಹೋಗುತ್ತಿದ್ದ. ಮನೆ ಮುಟ್ಟಿದ ಮೇಲೆ ಫೋನ್ ಮಾಡಿ, "ಕಿಟಕಿಯಿಂದ ಕೈ ಬೀಸ್ದೆ, ಕಂಡ್ತಾ?" ಎಂದು ಕೇಳುವನು. "ಕಂಡ್ತು ಬಿಡೋ" ಅನ್ನುವಳು. ಅದು ಸುಳ್ಳು. ಅವಳ ಕಣ್ಣು ವಿಮಾನದ ಎಂಜಿನ್ ಬಿಟ್ಟು ಕಿಟಕಿಯತ್ತ ಹೋದದ್ದೇ ಇಲ್ಲ.

ಮಾರ್ಚ್ ತಿಂಗಳಲ್ಲಿ ಸ್ಯಾಂಡಿ ತೀರಿಕೊಂಡ. ಅಂಚೆಯಲ್ಲಿ ಒಂದು ಕಾರ್ಡು ಬಂತು. ಶವಪೆಟ್ಟಿಗೆಯ ಚಿತ್ರ, ಅದರ ಸುತ್ತ ಎಂಟು ಅಂಕಿ. ಪೆಟ್ಟಿಗೆಯನ್ನು ಗುಂಡಿಗಿಳಿಸುವ ಎಂಟು ಹಗ್ಗಗಳಲ್ಲಿ ತಲೆಯ ಕಡೆಯದು ಒಂದನೆಯದು, ಅದು ತೀರಿಕೊಂಡವರಿಗೆ ಎಲ್ಲರಿಗಿಂತ ಹತ್ತಿರದವರದು. ಮದುವೆಯಾಗದ ಸ್ಯಾಂಡಿ ತಾನೇ ಬರೆದಿಟ್ಟಿದ್ದ: ಒಂದನೆಯದು ತಂಗಿ ತೋರಾಗೆ. ಅಪ್ಪನನ್ನು ಮಣ್ಣು ಮಾಡುವಾಗ ಹೆಂಗಸರು ಮನೆಯಲ್ಲುಳಿದು ಚಹಾ ಕಾಸಬೇಕಿತ್ತು. ತಂಗಿಗೂ ಒಂದು ಹಗ್ಗ ಕೊಡಿ ಎಂದು ಪಾದ್ರಿಯೊಡನೆ ಜಗಳವಾಡಿ ಸೋತವನು ಅವನು. ಮೂವತ್ತು ವರ್ಷವಾದರೂ ಅದನ್ನು ಮರೆತಿರಲಿಲ್ಲ.

ಶನಿವಾರ ಮಧ್ಯಾಹ್ನ ಎರಡೂವರೆಗೆ ಪೇಟೆಯಲ್ಲಿ ಮಣ್ಣು. ಶುಕ್ರವಾರವೇ ಅಲೆಗಳು ಎದ್ದು ಹಡಗು ನಿಂತಿತು. ನಾಳೆ ಹೊರಡುತ್ತದೆ ಎಂದು ತೋರಾ ಎಲ್ಲರಿಗೂ ಹೇಳಿದಳು. ಶನಿವಾರ ಬೆಳಗಿನ ವಿಮಾನವನ್ನು ಗಾಡಿಯಲ್ಲಿ ಕೂತೇ ಬೀಳ್ಕೊಟ್ಟಳು. ಹತ್ತು ಗಂಟೆಗೆ ಹಡಗಿನವರು ಫೋನ್ ಮಾಡಿ ಇವತ್ತೂ ಇಲ್ಲ ಎಂದರು. ಇನ್ನುಳಿದದ್ದು ಮಧ್ಯಾಹ್ನ ಒಂದು ಗಂಟೆಗೆ ಹೊರಡುವ ವಿಮಾನ.

ಹನ್ನೆರಡೂವರೆಗೆ ಅವಳ ಜೊತೆಗಾರ ಎರ್ಲೆಂಡ್ ಬಂದ, ಹಿಂದೆ ವಿಲ್ಮಾ. ವಿಲ್ಮಾ ಈ ಕೆಲಸ ಬಿಟ್ಟು ವರ್ಷವಾಗಿತ್ತು. ಅವಳ ಪರವಾನಗಿ ಮಾತ್ರ ತಿಂಗಳ ಕೊನೆಯವರೆಗೂ ನಡೆಯುತ್ತಿತ್ತು.

"ತೋರಕ್ಕ, ನಿನ್ ಜಾಗದಲ್ಲಿ ವಿಲ್ಮಾ ಕೂರ್ತಾಳೆ," ಎಂದ ಎರ್ಲೆಂಡ್. "ಇನ್ನೇನಾದ್ರೂ ನೆಪ ಇದ್ರೆ ಈಗ್ಲೇ ಹೇಳ್ಬಿಡು, ಅದಕ್ಕೂ ಯಾರ್ನಾದ್ರೂ ಕರ್ಕೊಂಡ್ ಬರ್ತೀನಿ."

ನೆಪ ಮುಗಿದಿತ್ತು. ವಿಮಾನ ಇಳಿದ ಸದ್ದಿಗೆ, ಕಪ್ಪು ಕೋಟಿನಲ್ಲಿದ್ದ ತೋರಾಳ ಕಾಲುಗಳು ತಾವಾಗಿ ಗಾಡಿಯತ್ತ ನಡೆದವು. ವಿಲ್ಮಾ ಒಳಗಿನಿಂದ ಚಿಲಕ ಹಾಕಿಕೊಂಡಳು.

ತೂಕ ಕೇಳಿ ಸೀಟು ಹಂಚುವುದು ಇಲ್ಲಿಯ ಪದ್ಧತಿ. ತೋರಾ ತನ್ನ ತೂಕ ಹೇಳಿದಾಗ, ವಿಮಾನ ನಡೆಸುವ ಮೋರಾಗ್ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿದಳು. ಗಾಜಿನಾಚೆ ಜಲ್ಲಿಕಲ್ಲಿನ ರನ್‌ವೇ, ಅದರ ತುದಿಯಲ್ಲಿ ಸಮುದ್ರ. ಎಂಜಿನ್ ಗುಡುಗಿತು. ಅಡ್ಡಗಾಳಿಗೆ ವಿಮಾನ ಪಕ್ಕಕ್ಕೆ ಜಾರಿ ನೆಲ ಬಿಟ್ಟಿತು. ಈಗ ರೆಕ್ಕೆ ನೆಲಕ್ಕೆ ತಾಗುತ್ತದೆ, ಈಗ ಎಣ್ಣೆ ಚೆಲ್ಲುತ್ತದೆ, ಈಗ ಓಡಬೇಕು. ಪ್ರತಿ ತಿಂಗಳೂ ಅಭ್ಯಾಸಕ್ಕೆಂದು ಹಳೆಯ ತಗಡಿನ ವಿಮಾನಕ್ಕೆ ಬೆಂಕಿ ಹಚ್ಚಿ, ಒಳಗಿನ ಗೊಂಬೆಗಳನ್ನು ಎಳೆದು ಹಾಕಿ ಕಲಿತ ಪಾಠ ಅದು. ಅಷ್ಟರಲ್ಲಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ದಿನಕ್ಕೆರಡು ಬಾರಿಯಂತೆ ಇಪ್ಪತ್ತಾರು ವರ್ಷ ಈ ವಿಮಾನವನ್ನು ಮನಸ್ಸಿನಲ್ಲಿ ಸುಟ್ಟವಳು ತಾನೇ. ನಿಜದಲ್ಲಿ ಅದು ಒಮ್ಮೆಯೂ ಸುಟ್ಟುಹೋಗಿರಲಿಲ್ಲ.

ಸಿಟ್ಟು ಬಂದರೂ ಭಯ ಹೋಗಲಿಲ್ಲ. ಅವಳ ಬೆರಳುಗಳು ಬಾಗಿಲ ಹಿಡಿಕೆಯ ಮೇಲೆ ಬಿಳಚಿದ್ದವು.

"ತೋರಕ್ಕ, ಆ ಹಿಡಿಕೆ ಬಿಡಿ," ಎಂದಳು ಮೋರಾಗ್. "ವಿಮಾನ ಮೇಲೆ ನಿಂತಿರೋದು ಅದ್ರಿಂದಲ್ಲ."

"ಬಿಟ್ರೆ?"

"ಬಿಟ್ಟು ನೋಡಿ."

ಒಂದೊಂದೇ ಬೆರಳು ಬಿಡಿಸಿದಳು. ವಿಮಾನ ಗುಂಡಿಗೆ ಬಿದ್ದ ಎತ್ತಿನ ಗಾಡಿಯಂತೆ ಕುಲುಕಿತು, ಬೀಳಲಿಲ್ಲ. ನಂತರ ಬಲಕ್ಕೆ ವಾಲಿ ತಿರುಗಿತು. ಕೆಳಗೆ ಅವಳ ಕುರಿಗಳು, ಕೆಂಪು ಗಾಡಿ, ಒಳಗೆ ಎರಡು ತಲೆ. ವಿಲ್ಮಾಳ ಕೈ ಪೈಪಿನ ಮೇಲೇ ಇರುತ್ತದೆಂದು ನೋಡದೆಯೂ ತೋರಾಗೆ ಗೊತ್ತಿತ್ತು. ತನಗಾಗಿ ಅವರು ಕೂತಿದ್ದರು. ಸ್ಯಾಂಡಿಗೆ ತಾನು ಪ್ರತಿ ತಿಂಗಳೂ ಹೀಗೇ ಕಾಣುತ್ತಿದ್ದೆ ಎನ್ನಿಸಿ ಅವಳಿಗೆ ತಡೆಯಲಾರದ ಅಳು ಬಂತು. ಕಿಟಕಿಯತ್ತ ಕೈಯೆತ್ತಿ ಬೀಸಿದಳು. ಕೆಳಗಿನವರು ಅತ್ತ ನೋಡಲಿಲ್ಲ, ನೋಡಬಾರದು ಕೂಡ.

ಎರಡೂವರೆಗೆ ಗುಂಡಿಯ ಬಳಿ ಒಂದನೇ ನಂಬರು ಕರೆದಾಗ ತೋರಾ ತಲೆಯ ಬದಿಗೆ ಹೋಗಿ ನಿಂತಳು. ಹಗ್ಗ ಅಂಗೈಯಲ್ಲಿ ಬಿಗಿಯಿತು. ಅಣ್ಣನ ಭಾರ ತೋಳಿಗಿಳಿದು, ಸ್ವಲ್ಪ ಸ್ವಲ್ಪವಾಗಿ ಮಣ್ಣಿಗೆ ಹೋಯಿತು. ಬಿಡಿ ಎಂದು ಸನ್ನೆಯಾದಾಗ ಏಳು ಹಗ್ಗಗಳು ಪೆಟ್ಟಿಗೆಯ ಮೇಲೆ ಬಿದ್ದವು. ತೋರಾಳದು ಬೀಳಲಿಲ್ಲ. ಕೊನೆಗೆ ಒಂದೊಂದೇ ಬೆರಳು ಬಿಡಿಸಿದಳು, ಹಗ್ಗ ಜಾರಿತು.

"ಕಂಡ್ತು ಕಣೋ," ಎಂದಳು, ಖಾಲಿಯಾದ ಕೈಯೆತ್ತಿ ಗುಂಡಿಯತ್ತ ಬೀಸುತ್ತ.