ಬಯ್ಯದ ಹೆಂಡತಿ, ಬಿಡದ ಬಿಕ್ಕಳಿಕೆ

ಮೂತ್ರಕೋಶವನ್ನೇ ತೆಗೆದುಹಾಕಿ, ಹೊಟ್ಟೆಯ ಬಲಬದಿಗೆ ಉಚ್ಚೆ ತುಂಬುವ ಚೀಲವೊಂದನ್ನು ಅಂಟಿಸಿ, ಸೊಲ್ಲಾಪುರದ ಆಸ್ಪತ್ರೆಯಿಂದ ನನ್ನನ್ನು ಮನೆಗೆ ಕಳಿಸಿದ್ದರು. ಚೀಲವನ್ನು ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ಬಿಕ್ಕಳಿಕೆ. ಬಸವಕಲ್ಯಾಣದ ನಮ್ಮ ಮನೆಯ ಹೊಸ್ತಿಲು ದಾಟಿದ ದಿನವೇ ಹತ್ತಿಕೊಂಡಿತು. ಒಂದೊಂದು ಸಲ ಬಂದಾಗಲೂ ಹೊಲಿಗೆ ಹಾಕಿದ ಜಾಗ ಚುರ್ ಎನ್ನುತ್ತಿತ್ತು. ತಲೆದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೂರುತ್ತಿದ್ದೆ. ಫೋನು ಮಾಡಿದರೆ ಡಾಕ್ಟರು, ಕರುಳಿಗೆ ಕೈಹಾಕಿದ್ದೇವಲ್ಲ, ಹೊಟ್ಟೆ ಉಬ್ಬಿರುತ್ತದೆ, ಸ್ವಲ್ಪ ಸ್ವಲ್ಪ ತಿನ್ನಿ ಎಂದು ಒಂದು ಮಾತ್ರೆ ಹೇಳಿದರು. ನುಂಗಿದರೆ ತುಸು ಹೊತ್ತು ಸುಮ್ಮನಿದ್ದು ಮತ್ತೆ ಶುರುವಾಗುತ್ತಿತ್ತು.

ನಾನು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಹುಮನಾಬಾದ್ ದಾರಿಯಲ್ಲಿ ಎಲ್ಲೆಂದರಲ್ಲಿ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿ ಹತ್ತುತ್ತಿದ್ದೆ. ಅನುಮಾನ ಪಡುವುದಕ್ಕೇ ಪಗಾರ ತೆಗೆದುಕೊಂಡವನು ನಾನು. ಟಿಕೆಟ್ ಇಲ್ಲದವನು ಬಹಳ ಮೆತ್ತಗಿರುತ್ತಾನೆ. 'ಬರ್ರಿ ಸಾಹೇಬ್ರ, ಕುಂದರ್ರಿ' ಎಂದು ಸರಿದು ಜಾಗ ಕೊಡುತ್ತಾನೆ. ಟಿಕೆಟ್ ಇದ್ದವನನ್ನು ಎರಡನೇ ಸಲ ಕೇಳಿ ನೋಡಿ, ಮೈಮೇಲೆಯೇ ಬರುತ್ತಾನೆ.

ಈಗ ನನ್ನ ಹೆಂಡತಿ ಮೆತ್ತಗಾಗಿದ್ದಳು.

ಚಹಾದ ಬಸಿ ನೆಲಕ್ಕಿಟ್ಟರೂ ನನ್ನ ವಂಶವನ್ನೆಲ್ಲ ಎಳೆದು ತರುತ್ತಿದ್ದವಳು ಅವಳು. ಒಂದು ಬೆಳಿಗ್ಗೆ ಚೀಲ ಸೋರಿ ಅವಳವ್ವ ಹೊಲಿದುಕೊಟ್ಟ ಕೌದಿಯೆಲ್ಲ ಒದ್ದೆಯಾಯಿತು. ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿಕೊಂಡೆ. "ಇರ್ಲಿ ಬಿಡ್ರಿ, ಒಗದ ಹಾಕ್ತೀನಿ" ಎಂದಳು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಕಾರಣವಿತ್ತು. ತೆಗೆದ ಮೂತ್ರಕೋಶವನ್ನು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್ ಅದರಾಚೆಗೂ ಹಬ್ಬಿದೆಯೋ ಇಲ್ಲವೋ ಎಂಬ ರಿಪೋರ್ಟು ಬರಬೇಕಿತ್ತು. ನಮ್ಮಿಬ್ಬರ ಹತ್ತಿರವೂ ಬಟನ್ ಫೋನು. ಹಾಗಾಗಿ ಅದು ಹುಮನಾಬಾದಿನಲ್ಲಿರುವ ಅವಳ ತಮ್ಮನ ಫೋನಿಗೆ ಬರುವುದಿತ್ತು. ಅದು ಬಂದಿದೆ, ಕೆಟ್ಟದ್ದೇ ಬಂದಿದೆ, ಅಕ್ಕ ತಮ್ಮ ಕೂಡಿ ಮುಚ್ಚಿಟ್ಟಿದ್ದಾರೆ ಎಂದು ನಾನು ನಿಕ್ಕಿ ಮಾಡಿಕೊಂಡೆ.

ಅದೇ ಮಧ್ಯಾಹ್ನ ಒಲೆಯ ಕಡೆಯಿಂದ ಅವಳು ಬಿಕ್ಕುವುದು ಕೇಳಿಸಿತು.

"ಏ, ಅಳಾಕತ್ತೀ ಏನ?"

"ಇಲ್ರಿ, ನಿಮ್ದ ನೋಡಿ ನನಗೂ ಬಿಕ್ಕಳಿಕಿ ಹತ್ಯಾವ."

ಹೊರಗೆ ಬಂದು ನನಗೆ ಕಾಣುವ ಹಾಗೆ ತಂಬಿಗೆ ಎತ್ತಿ ನೀರು ಕುಡಿದಳು. ಅಳುವವರೂ ಬಿಕ್ಕುತ್ತಾರೆ, ಬಿಕ್ಕಳಿಕೆ ಬಂದವರೂ ಬಿಕ್ಕುತ್ತಾರೆ, ನಿಜ. ಆದರೆ ಬಿಕ್ಕಳಿಕೆಗೆ ಯಾರ ಮೂಗೂ ಕೆಂಪಾಗುವುದಿಲ್ಲ.

ನಮ್ಮ ಕಡೆ ಬಿಕ್ಕಳಿಕೆ ಬಿಡಿಸಲು ಸುಳ್ಳು ಹೇಳಿ ಬೆಚ್ಚಿಬೀಳಿಸುವ ಪದ್ಧತಿಯಿದೆ. ಪಕ್ಕದ ಮನೆಯ ಖಾಲಾ ಒಮ್ಮೆ ಧಡಾರನೆ ಬಾಗಿಲು ತಳ್ಳಿ, "ಏನ್ ಭಾಯಿ, ನಮ್ಮ ಮುರ್ಗಿ ನೀವೇ ಕದ್ದೀರಂತ, ಮೊಹಲ್ಲಾ ತುಂಬ ಮಾತಾಡಾಕತ್ತಾರ!" ಎಂದರು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರದ ನಾನು ಕೋಳಿ ಕದ್ದೆನೇ! ರೇಗಿ ಕೂಗಾಡಿದೆ. "ನೋಡ್ರಿ, ಹಿಚಕಿ ಹೋಯ್ತು" ಎಂದು ಖಾಲಾ ನಕ್ಕರು. ಹೋಗಿತ್ತು, ಖರೆ. ಅಂದಿನಿಂದ ನನ್ನನ್ನು ಮಾತಾಡಿಸಲು ಬಂದವರೆಲ್ಲ ಒಂದೊಂದು ಸುಳ್ಳು ತರತೊಡಗಿದರು. ಮುಡಬಿಯಿಂದ ಬಂದ ಹಳೆಯ ಡ್ರೈವರು, ಬಸ್ಸಿನೊಳಗೆ ಚಿರತೆ ಹತ್ತಿತ್ತು ಎಂದ. "ಟಿಕೆಟ್ ತಗೊಂಡಿತ್ತೇನ?" ಎಂದೆ. ಯಾರ ಮಾತನ್ನು ನಂಬಬೇಕು, ಯಾರದನ್ನು ಬಿಡಬೇಕು ಎಂಬುದೇ ತಿಳಿಯದಾಯಿತು.

ಹೀಗಿರುವಾಗ ಒಂದು ದಿನ ಹೆಂಡತಿ ಫೋನು ಹಿಡಿದುಕೊಂಡೇ ಒಳಗೆ ಬಂದಳು.

"ತಮ್ಮ ಫೋನ್ ಮಾಡಿದ್ದ್ರಿ. ರಿಪೋರ್ಟ್ ಬಂದದಂತ. ಎಲ್ಲಾ ಸಾಫ್ ಅದ, ಬ್ಯಾನಿ ಎಲ್ಲೂ ಹಬ್ಬಿಲ್ಲಂತ."

ಅರ್ಧಕ್ಕೆ ಬಂದಿದ್ದ ಬಿಕ್ಕಳಿಕೆ ಅಲ್ಲೇ ನಿಂತುಬಿಟ್ಟಿತು. ಖಾಲಾರ ಕೋಳಿಯ ಸುಳ್ಳಿಗೆ ನಿಂತಿತ್ತಲ್ಲ, ಥೇಟ್ ಹಾಗೆಯೇ.

"ಭಾರಿ ಸುಳ್ಳ ತಂದಿ. ನಿಂತದ ನೋಡು" ಎಂದೆ.

"ಸುಳ್ಳಲ್ರಿ" ಎಂದಳು, ಮೆತ್ತಗೆ.

"ಹಂಗಾರ ರಿಪೋರ್ಟ್ ತೋರ್ಸು."

"ತಮ್ಮನ ಕಡಿ ಅದ, ಸಂಜಿಕ ತರ್ತಾನ."

ಟಿಕೆಟ್ ಹಿಂದಿನ ಸೀಟಿನವರ ಕಡೆ ಇದೆ ಎಂದವರನ್ನು ನಾನು ಬಸ್ಸಿನಿಂದ ಎಷ್ಟು ಸಲ ಇಳಿಸಿಲ್ಲ! ಸಾಯುವ ಹೆದರಿಕೆ ಅಂದರೆ ಏನೆಂದು ಆಪರೇಷನ್ ಟೇಬಲ್ಲಿನ ಮೇಲೂ ಅಷ್ಟು ಗೊತ್ತಾಗಿರಲಿಲ್ಲ. ಆದರೂ ರೂಢಿಯಂತೆ ಎರಡನೇ ಸಲ ಕೇಳಿದೆ. "ಖರೇ ಹೇಳು. ನಾ ಇನ್ನ ಎಷ್ಟ ದಿನ ಇರ್ತೀನಿ?"

ಅವಳು ಫೋನನ್ನು ಹಾಸಿಗೆಗೆ ಒಗೆದಳು.

"ಎಷ್ಟ ದಿನ? ನನ್ನ ಜೀವಾ ತಿನ್ನಾಕ ಬೇಕಾದಷ್ಟ ದಿನ ಅವ ನಿಮಗ! ಆಯುಷ್ಯಪೂರ್ತಿ ಮಂದಿ ಟಿಕೆಟ್ ನೋಡಿದ್ದ ಸಾಲಿಲ್ಲಾ, ಈಗ ಹೆಂಡ್ತಿದೂ ನೋಡ್ತೀರೇನ? ಹೌದು, ಅವತ್ತ ಅತ್ತೆ! ರಿಪೋರ್ಟ್ ಇನ್ನೂ ಬರವಲ್ದು, ಏನ ಬರ್ತದೋ ಅಂತ ಅಂಜಿ ಅತ್ತೆ. ನಿಮ್ಮ ಮುಂದ ಅತ್ರ ನನ್ನೇ ಚೆಕಿಂಗ್ ಮಾಡ್ತೀರಿ ಅಂತ ಒಲಿ ಮುಂದ ಕುಂತ ಅತ್ತೆ! ಮತ್ತ ಆ ಕೌದಿ! ನಮ್ಮವ್ವ ಕಣ್ಣ ಕಾಣದಿದ್ರೂ ಹೊಲದ ಕೊಟ್ಟ ಕೌದಿ! ಚೀಲದ ಮುಚ್ಚಳ ಸರೀ ಹಾಕ್ರಿ ಅಂದ್ರ ಕಿವಿ ಎಲ್ಲಿ ಇಟ್ಟಿರ್ತೀರಿ? ಇವತ್ತೂ ವಾಸನಿ ಹೋಗಿಲ್ಲದು!"

ಕೌದಿ ಎಂದದ್ದೇ ತಡ, ನನಗೆ ನಂಬಿಕೆ ಬಂತು. ಸಾಯುವವನಿಗೆ ಯಾವ ಹೆಂಡತಿಯೂ ಕೌದಿಯ ಲೆಕ್ಕ ಕೇಳುವುದಿಲ್ಲ. ಬಯ್ಯುತ್ತ ಬಯ್ಯುತ್ತಲೇ ಅವಳು ಬಿಕ್ಕಿ ಬಿಕ್ಕಿ ಅತ್ತಳು, ಈ ಸಲ ನನ್ನ ಎದುರಿಗೇ. ನಾನೂ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಅತ್ತೆ. ಹೊಲಿಗೆಯೆಲ್ಲ ನೋಯಿತು. ಅಷ್ಟರಲ್ಲಿ ಬಿಕ್ಕಳಿಕೆ ಮತ್ತೆ ಹತ್ತಿತು.

"ಮದ್ಲ ನೀರ ಕುಡೀರಿ" ಎಂದು ತಂಬಿಗೆಯನ್ನು ಸಿಟ್ಟಿನಿಂದಲೇ ಮುಂದೆ ಹಿಡಿದಳು.

"ಕುಡೀತೀನಿ. ಆ ಕೌದಿ ಮಾತ ಇನ್ನೊಮ್ಮಿ ಹೇಳು" ಎಂದೆ.