ಮುಸುಕು ಸರಿದ ನಕ್ಷೆ

ಮೊನ್ನೆ ಶಿಡ್ಲಘಟ್ಟದಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ಹೊಸಬರು ಮೂಗು ಮುಚ್ಚಿಕೊಳ್ಳುವ ವಾಸನೆ. ನನಗೆ ಮಾತ್ರ ನಮ್ಮ ಡ್ರಾಯಿಂಗ್ ಮೇಷ್ಟ್ರು ನೆನಪಾದರು. ಅವರ ಮನೆ ಇದ್ದದ್ದೇ ನೂಲು ತೆಗೆಯುವ ಶೆಡ್ಡಿನ ಪಕ್ಕದಲ್ಲಿ...

ನಿವೃತ್ತರಾದ ಮೇಲೆ ಅವರಿಗೆ ಕತೆಯಾಟದ ಹುಚ್ಚು ಹಿಡಿಯಿತು. ಅವರು ಕತೆ ನಡೆಸಬೇಕು, ನಾವು ಅದರೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳಬೇಕು, ಉಳಿದೆವೋ ಸತ್ತೆವೋ ದಾಳ ತೀರ್ಮಾನಿಸುತ್ತದೆ. ನಾವು ಹಳೇ ಶಿಷ್ಯರು ಮೂವರೂ ಮೂರು ಕಡೆ. ನಾನು ಚಿಕ್ಕಬಳ್ಳಾಪುರ ಸೇರಿದವಳು, ಒಬ್ಬ ಅಲೀಪುರದವನು, ಇನ್ನೊಬ್ಬ ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆಹುಳ ಸಾಕುವವನು. ಹಾಗಾಗಿ ಭಾನುವಾರ ಮಧ್ಯಾಹ್ನದ ಆಟವೆಲ್ಲ ಲ್ಯಾಪ್‌ಟಾಪಿನಲ್ಲೇ. ಪರದೆಯ ಮೇಲೆ ಮೇಷ್ಟ್ರು ಬರೆದ ನಕ್ಷೆ, ಅದಕ್ಕೊಂದು ಕಪ್ಪು ಮುಸುಕು. ನಾವು ಹೇಳಿದಂತೆ ನಮ್ಮ ಪಾತ್ರಗಳನ್ನು ನಡೆಸಿ, ಅಷ್ಟು ಜಾಗದ ಮುಸುಕನ್ನು ಅವರು ಸರಿಸುತ್ತಿದ್ದರು. ಮುಂದೇನಿದೆ ಎಂಬುದು ಅವರೊಬ್ಬರಿಗೇ ಗೊತ್ತು.

ನಾವು ಕೋಟೆಯೊಂದರ ಕತೆ ಆಡುತ್ತಿದ್ದ ವರ್ಷ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. "ಈ ಕೋಟೆ ಕತೆ ಮುಗಿಯೋ ತನಕ ಕಣ್ಣಿದ್ರೆ ಸಾಕು ಕಣ್ರಪ್ಪ. ನಕ್ಷೆ ಕಾಣ್ದೇ ಇರೋನು ಕತೆ ನಡೆಸಬಾರದು" ಎಂದಿದ್ದರು. ಹಟಮಾರಿ ಮನುಷ್ಯ, ಅಂದರೆ ಅಂದದ್ದೇ. ಅವರು ವಾರವೆಲ್ಲ ಕಾಯುತ್ತಿದ್ದದ್ದು ಆ ಒಂದು ಮಧ್ಯಾಹ್ನಕ್ಕೆ. ಅದೂ ಹೋದರೆ ಅವರಿಗೇನು ಉಳಿಯುತ್ತದೆ ಎಂದು ನನಗೆ ಭಯವಾಗುತ್ತಿತ್ತು.

ಬರಬರುತ್ತಾ ನಮ್ಮ ಪಾತ್ರಗಳನ್ನು ನಕ್ಷೆಯ ಗೋಡೆಯೊಳಗೆ ನಿಲ್ಲಿಸಿಬಿಡುತ್ತಿದ್ದರು. ಕೇಳಿದರೆ ಅದು ಮಾಟದ ಗೋಡೆ ಎಂದು ಜಾರಿಕೊಳ್ಳುತ್ತಿದ್ದರು.

ಒಂದು ಭಾನುವಾರ ಕೋಟೆಬಾಗಿಲು ದಾಟುತ್ತಿದ್ದಂತೆ ಇಡೀ ಮುಸುಕು ಒಮ್ಮೆಲೇ ಸರಿಯಿತು. ಮೇಷ್ಟ್ರು ಯಾವುದೋ ಗುಂಡಿ ಒತ್ತಲು ಹೋಗಿ ಯಾವುದನ್ನೋ ಒತ್ತಿದ್ದರು. ಓಣಿಯ ಕೊನೆಯಲ್ಲಿ ಬಾಯ್ದೆರೆದ ಬಾವಿ, ಅದರೊಳಗೆ ಮೇಲಕ್ಕೆ ಚಾಚಿದ ಉದ್ದುದ್ದ ಕೈಗಳು... ನಮಗೆ ಕಾದಿದ್ದದ್ದೆಲ್ಲ ಕಣ್ಣೆದುರೇ ಇತ್ತು.

"ಏಮಪ್ಪಾ, ಮುಂದೆ ಬರೀ ಕತ್ತಲು. ಏನಾದ್ರೂ ಕಾಣ್ತಿದೆಯಾ?" ಎಂದು ಕೇಳಿದರು ಮೇಷ್ಟ್ರು.

ಮುಸುಕು ಸರಿದದ್ದು ಅವರಿಗೆ ಕಂಡಿಲ್ಲವೆಂದು ಆಗ ತಿಳಿಯಿತು; ಹೇಳಿದರೆ ಅವರು ಆಟವನ್ನೇ ನಿಲ್ಲಿಸುತ್ತಿದ್ದರು. ಕೆಂಚಾರ್ಲಹಳ್ಳಿಯವನು "ಏನೂ ಕಾಣ್ತಿಲ್ಲ ಸಾರ್" ಎಂದ. ಮೂವರೂ ಸೀದಾ ಬಾವಿಯತ್ತ ನಡೆದೆವು. ಇರುಳು ಕಂಡ ಬಾವಿಗೆ ಹಗಲು ಬೀಳುವುದೆಂದರೆ ಅದೇ. ಅಲೀಪುರದವನು ಆಟದಲ್ಲಿ ಮಹಾ ಪುಕ್ಕಲ, ಕತ್ತಲಿದ್ದರೆ ಮುಂದಕ್ಕೊಂದು ಕಲ್ಲೆಸೆದು ನೋಡದೆ ಹೆಜ್ಜೆ ಇಟ್ಟವನಲ್ಲ. ಅವತ್ತು ಅವನೇ ಮೊದಲು ಬಿದ್ದ. ಹಿಂದೆಯೇ ನಾವಿಬ್ಬರು.

ಅತ್ತ ಕಡೆಯಿಂದ ಶೆಡ್ಡಿನ ಯಂತ್ರದ ಸದ್ದು ಕೇಳುತ್ತಿತ್ತು. ಮೇಷ್ಟ್ರು ಅಲೀಪುರದವನಿಗೆ ಮೆಲ್ಲಗೆ, "ಇವತ್ತು ಯಾಕಪ್ಪ ಕಲ್ಲು ಎಸೀಲಿಲ್ಲ?" ಎಂದರು.

"ಮರೆತೆ ಸಾರ್" ಎಂದ ಅವನು. ಎಲ್ಲ ತಿಳಿದವರಂತೆ "ಸರಿ ಬಿಡಿ" ಎಂದು ಮೇಷ್ಟ್ರು ಕರೆ ಮುಗಿಸಿದರು.

ಮುಂದಿನ ಭಾನುವಾರ ಅವರು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಚಳಿಗಾಲ ಕಳೆಯುವ ಮೊದಲೇ ಹೋಗಿಬಿಟ್ಟರು. ಆಟ ಮಾತ್ರ ಅಲ್ಲಿಯೇ ಇದೆ. ಒಮ್ಮೊಮ್ಮೆ ತೆರೆದು ನೋಡುತ್ತೇನೆ. ಮೂವರೂ ಬಾವಿಯ ತಳದಲ್ಲೇ ಇದ್ದೇವೆ, ಆ ಕೈಗಳ ನಡುವೆ. ನಮ್ಮನ್ನು ಅಲ್ಲಿಂದ ಕದಲಿಸಲು ಮೇಷ್ಟ್ರೇ ಬರಬೇಕು...